ಸ್ಕ್ಯಾನ್‌ನಲ್ಲಿ ನೀರು ಸರಿಯಿದ್ದರೆ, ಸೋರಿಕೆಗೆ ಹೆದರಬೇಕಿಲ್ಲವೇ?

ಗರ್ಭಿಣಿಗೆ ನೀರು ಸೋರುತ್ತಿದ್ದರೂ "ಸ್ಕ್ಯಾನ್ ನಾರ್ಮಲ್ ಇದೆ, ಭಯವಿಲ್ಲ" ಎಂದು ಸಮಾಧಾನ ಮಾಡುವವರಿದ್ದಾರೆ. ಇದು ಎಷ್ಟು ನಿಜ? ನಾವು ಪರಿಶೀಲಿಸಿದ್ದೇವೆ.

37 ವಾರ ತುಂಬುವ ಮೊದಲೇ, ಹೆರಿಗೆ ನೋವು ಶುರುವಾಗದೆ ಮಗುವಿನ ಸುತ್ತಲಿನ ನೀರಿನ ಚೀಲ ಒಡೆಯುವುದು 100 ಗರ್ಭಿಣಿಯರಲ್ಲಿ ಸುಮಾರು 3 ಮಂದಿಗೆ.

ಸ್ಕ್ಯಾನ್ ಏನು ಹೇಳುತ್ತದೆ?
ಎಷ್ಟು ನೀರು ಉಳಿದಿದೆ, ಮಗುವಿನ ತಲೆ ಕೆಳಗಿದೆಯೇ, ಬೆಳವಣಿಗೆ ಹೇಗಿದೆ ಎಂಬುದನ್ನು. ನೀರು ಅತಿ ಹೆಚ್ಚು ಆಳ ಇರುವಲ್ಲೂ 2 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹೊಕ್ಕುಳಬಳ್ಳಿ ಒತ್ತಿಹೋಗುವ ಅಪಾಯ ಹೆಚ್ಚು. 24 ವಾರಕ್ಕೂ ಮೊದಲೇ ನೀರು ಹೋದರೆ ಮಗುವಿನ ಶ್ವಾಸಕೋಶ ಸರಿಯಾಗಿ ಬೆಳೆಯದಿರಬಹುದು.

ಏನು ಹೇಳುವುದಿಲ್ಲ?
ಚೀಲ ಒಡೆದಿಲ್ಲ ಎಂದು ಸ್ಕ್ಯಾನ್ ಖಚಿತವಾಗಿ ಹೇಳಲಾರದು. ಹೊಟ್ಟೆಯೊಳಗೆ ಮಗು ಮೂತ್ರ ಮಾಡುತ್ತಲೇ ಇರುತ್ತದೆ, ಸೋರಿದ ನೀರು ಮತ್ತೆ ತುಂಬುತ್ತದೆ. ಸೋಂಕೂ ಸ್ಕ್ಯಾನ್‌ನಲ್ಲಿ ಗೊತ್ತಾಗದು. ಅದಕ್ಕೆ ತಾಯಿಯ ಜ್ವರ, ನಾಡಿ, ರಕ್ತಪರೀಕ್ಷೆ, ಮಗುವಿನ ಎದೆಬಡಿತ ನೋಡಬೇಕು.

ನಮ್ಮ ತೀರ್ಮಾನ: ಅರ್ಧ ಸತ್ಯ.
ನೀರು ಹೋದಂತೆ ಅನಿಸಿದರೆ ಸ್ವಚ್ಛ ಪ್ಯಾಡ್ ಇಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ, ದುರ್ವಾಸನೆ, ಹಸಿರು ಬಣ್ಣದ ನೀರು, ರಕ್ತಸ್ರಾವ ಅಥವಾ ಮಗುವಿನ ಅಲುಗಾಟ ಕಡಿಮೆ ಅನಿಸಿದರೆ 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.