ಮಲ್ಲಮ್ಮನಿಗೆ ಸಿಗದ ದೈವ

ಮಲಪ್ರಭೆಯ ದಂಡೆಯ ಹೊಳೆಆಲೂರಿನಿಂದ ತಾಲ್ಲೂಕು ಕೇಂದ್ರ ರೋಣ ದೂರವೇನಲ್ಲ. ಆದರೆ ಗಂಡನಿಂದ ಏಟು ತಿನ್ನುವ ಹೆಣ್ಣುಮಗಳಿಗೆ ಬಸ್ಸಿನ ಹಾದಿಗಿಂತ ‘ರೋಣಕ್ಕ ಯಾಕ?’ ಎಂಬ ಪ್ರಶ್ನೆಯೇ ದೊಡ್ಡದು. ಅವಳೇ ಅಮಾವಾಸ್ಯೆಗೆ ಗುಡಿಗೋ ಶ್ರಾವಣದ ಪುರಾಣಕ್ಕೋ ಹೊರಟರೆ ಯಾರೂ ಕಾರಣ ಕೇಳುವುದಿಲ್ಲ. ನೊಂದ ಮಹಿಳೆಯರಿಗಾಗಿ ರಾಜ್ಯ ಸರ್ಕಾರ 2000-01ರಲ್ಲಿ ಆರಂಭಿಸಿ, ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಸುತ್ತ ಬಂದ ‘ಸಾಂತ್ವನ’ ಯೋಜನೆ ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ಆಸರೆ ಒದಗಿಸುತ್ತದೆ. ಅದರ ಬಾಗಿಲು ಇಂಥ ಊರುಗಳಲ್ಲಿ ಗುಡಿಯ ಕಟ್ಟೆಯಿಂದಲೇ ತೆರೆಯಬೇಕು ಎಂಬುದು ಈ ಲೇಖನದ ವಾದ.

ಅದಕ್ಕೆ ಹೇಮರಡ್ಡಿ ಮಲ್ಲಮ್ಮನಿಗಿಂತ ಹತ್ತಿರದ ಸಾಕ್ಷಿ ಈ ಸೀಮೆಯಲ್ಲಿಲ್ಲ. ಶ್ರೀಶೈಲ ಮಲ್ಲಿಕಾರ್ಜುನನ ಈ ಭಕ್ತೆಯ ಜಯಂತಿಯನ್ನು ಸರ್ಕಾರವೇ ಮೇ 10ರಂದು ಆಚರಿಸುತ್ತದೆ. ಗುಬ್ಬಿ ವೀರಣ್ಣನವರ ಬಳಗ 1945ರಲ್ಲಿ ಅವಳ ಕಥೆಯನ್ನು ಚಿತ್ರವಾಗಿಸಿತು. ಗಂಡ ಭರಮರಡ್ಡಿ ಮುಗ್ಧ. ಅತ್ತೆ, ನೆಗೆಣ್ಣಿಯರು ಸೇರಿ ಸೊಸೆಗೆ ಹೊಟ್ಟೆತುಂಬ ಊಟ ಕೊಡದೆ ದುಡಿಸುತ್ತಾರೆ, ಅಡವಿಗೆ ದನ ಕಾಯಲು ಅಟ್ಟುತ್ತಾರೆ. ಅಲ್ಲಿ ಅವಳ ಮೊರೆ ಕೇಳಿದವನು ಮಲ್ಲಯ್ಯ. ಅವನು ವರ ಕೊಡಲು ಬಂದಾಗ ಅವಳು ಬೇಡಿದ್ದು ರಡ್ಡಿ ಕುಲಕ್ಕೆ ಬಡತನ ಬಾರದಿರಲಿ ಎಂದು. ಭಾಷಣಗಳಲ್ಲಿ ಇದೆಲ್ಲ ‘ತಾಳ್ಮೆಯ ಮೂರ್ತಿ’ ಎಂಬಲ್ಲಿಗೆ ಮುಗಿಯುತ್ತದೆ. ಆದರೆ ಕಥೆ ಅದಕ್ಕಿಂತ ದಿಟ್ಟವಾದದ್ದು: ಮುಚ್ಚಿದ ಬಾಗಿಲ ಹಿಂದಿನ ಹಿಂಸೆಯನ್ನು ಅದು ಮಂದಿಯ ಮುಂದೆ ಹೇಳುತ್ತದೆ, ತಪ್ಪು ಸೊಸೆಯದಲ್ಲ ಎನ್ನುತ್ತದೆ. ಆಪ್ತಸಮಾಲೋಚಕಿ ಮೊದಲ ಭೇಟಿಯಲ್ಲಿ ಹೇಳಬೇಕಾದದ್ದೂ ಇದನ್ನೇ. ನಮ್ಮ ಕಡೆ ‘ದೈವ’ ಎಂದರೆ ದೇವರೂ ಹೌದು, ನ್ಯಾಯಕ್ಕೆ ಕೂಡುವ ಊರ ಹಿರಿಯರೂ ಹೌದು. ಸಾಮಾನ್ಯವಾಗಿ ಕೇಳಿಬರುವ ಮಲ್ಲಮ್ಮನ ಕಥೆಯಲ್ಲಿ ಮೊದಲನೆಯ ದೈವ ಇಳಿದು ಬರುತ್ತದೆ, ಎರಡನೆಯದು ಕೂಡುವುದೇ ಇಲ್ಲ.

ಮಠ-ಗುಡಿಗಳೇ ‘ಹೊಂದಿಕೊಂಡು ಹೋಗು’ ಎಂದು ಹೆಣ್ಣನ್ನು ಮರಳಿ ಅದೇ ಮನೆಗೆ ಕಳಿಸುವುದಿಲ್ಲವೇ ಎಂದು ಕೇಳಬಹುದು. ಕಳಿಸುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಸಹನೆಯೊಂದೇ ನಮ್ಮ ಪರಂಪರೆಯಲ್ಲ. ಹರಿಹರನ ರಗಳೆಯ ಮಹಾದೇವಿಯಕ್ಕ ಒಪ್ಪಂದ ಮುರಿದ ಕೌಶಿಕನ ಅರಮನೆಯನ್ನೇ ಬಿಟ್ಟು ನಡೆದಳು, ಅವಳನ್ನೂ ನಾವು ಪೂಜಿಸುತ್ತೇವೆ. ಕಾನೂನಿನ ಕೆಲಸಕ್ಕೆ ದೇವರೇಕೆ, ಮುಸ್ಲಿಂ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ತೂಕ ಹೆಚ್ಚು. ಗುಡಿಯ ಕಟ್ಟೆಯಷ್ಟೇ ದರ್ಗಾದ ಅಂಗಳಕ್ಕೂ ಈ ಮಾತು ಸಲ್ಲುತ್ತದೆ. ಅವು ಭೇಟಿಯ ಜಾಗ ಮಾತ್ರ, ತೀರ್ಪಿನ ಜಾಗವಲ್ಲ. ತೀರ್ಪು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯದು, ಅದಕ್ಕೆ ಧರ್ಮದ ಭೇದವಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಇಷ್ಟು ಸಂಗತಿ ಪುರಾಣದ ಮಂಗಳಕ್ಕೆ ಮುಂಚೆ ಐದು ನಿಮಿಷದಲ್ಲಿ ಹೇಳಿ ಮುಗಿಯುವಂಥದು.

ಹೇಳಬೇಕಾದ ತುರ್ತನ್ನು ಅಂಕಿಗಳೇ ತೋರಿಸುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಶೇ 44.4, ಹಿಂದಿನ ಸಮೀಕ್ಷೆಯಲ್ಲಿ ಶೇ 20.6. ಹಿಂಸೆಯೇ ಹೆಚ್ಚಿತೋ ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಹೀಗೆ ಬಾಯಿಬಿಟ್ಟ ಹೊತ್ತಿನಲ್ಲೇ, 2021ರಲ್ಲಿ, ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚಲು ಸರ್ಕಾರ ಹೊರಟಿತು. ಮೇ 10ರ ಮೆರವಣಿಗೆ ಮಾತ್ರ ತಪ್ಪಿಲ್ಲ. ಕುಂಭ ಹೊತ್ತು ಸಾಲಾಗಿ ಸಾಗುವ ಹೆಂಗಸರ ಮುಂದೆ ಟ್ರ್ಯಾಕ್ಟರಿನ ಮೇಲೆ ಮಲ್ಲಮ್ಮನ ಪಟ ಹೋಗುತ್ತದೆ. ಪಟದ ಕೆಳಗೆ ದಾನಿಗಳ ಹೆಸರಿರುತ್ತದೆ, ಸಹಾಯವಾಣಿ 181 ಬರೆಯಲು ಜಾಗ ಉಳಿದಿರುವುದಿಲ್ಲ.