ಮೊಸಳೆಯ ತಲೆಯೇ ಮೆಟ್ಟಿಲು

ನೀರಿನಲ್ಲಿ ಮೊಸಳೆ ಇದೆ ಅಂದರೆ ಬುದ್ಧಿವಂತರು ದಡದಲ್ಲೇ ನಿಲ್ಲುತ್ತಾರೆ. ಆದರೆ ಅದರ ತಲೆಯ ಮೇಲೇ ಕಾಲಿಟ್ಟು ಹೊಂಡ ದಾಟಬೇಕಾದ ಆಟವೊಂದುಂಟು. ಅದರ ಹೆಸರು ‘ಪಿಟ್‌ಫಾಲ್!’. 1982ರಲ್ಲಿ ಅಮೆರಿಕದ ಆಕ್ಟಿವಿಷನ್ ಸಂಸ್ಥೆ ಅಟಾರಿ 2600 ಎಂಬ ಯಂತ್ರಕ್ಕಾಗಿ ಹೊರತಂದ ವಿಡಿಯೋ ಗೇಮ್ ಇದು. ರಚಿಸಿದವರು ಡೇವಿಡ್ ಕ್ರೇನ್.

ಕಥೆ ಸರಳ. ಹ್ಯಾರಿ ಎಂಬಾತ ಕಾಡಿನಲ್ಲಿ ಓಡುತ್ತ 32 ನಿಧಿಗಳನ್ನು ಹುಡುಕಬೇಕು. ಇರುವುದು ಮೂರು ಜೀವ, 20 ನಿಮಿಷ. ದಾರಿಯಲ್ಲಿ ಉರುಳಿ ಬರುವ ದಿಮ್ಮಿ ತಗುಲಿದರೆ ಅಂಕ ಮಾತ್ರ ಹೋಗುತ್ತದೆ. ಹಾವು, ಚೇಳು, ಬೆಂಕಿ, ಮೊಸಳೆಗೆ ಸಿಕ್ಕರೆ ಜೀವವೇ ಹೋಗುತ್ತದೆ.

ಇವುಗಳಲ್ಲಿ ಮೊಸಳೆಯದು ಬೇರೆಯೇ ರೀತಿ. ಹಾವನ್ನೂ ಬೆಂಕಿಯನ್ನೂ ಹಾರಿ ತಪ್ಪಿಸಿಕೊಂಡರೆ ಮುಗಿಯಿತು. ಮೊಸಳೆಯನ್ನು ತಪ್ಪಿಸಿಕೊಂಡರೆ ಮಾತ್ರ ಸಾಲದು, ಅದನ್ನೇ ನಂಬಬೇಕು! ಕೊಳದಲ್ಲಿ ಮೂರು ಮೊಸಳೆಗಳು ಸಾಲಾಗಿ ನಿಂತಿರುತ್ತವೆ. ಸ್ವಲ್ಪ ಹೊತ್ತು ಬಾಯಿ ತೆರೆಯುತ್ತವೆ, ಸ್ವಲ್ಪ ಹೊತ್ತು ಮುಚ್ಚುತ್ತವೆ. ಮುಚ್ಚಿದಾಗ ತಲೆ ಗಟ್ಟಿ ನೆಲವಿದ್ದಂತೆ. ತೆರೆದಾಗ ಅದೇ ಜಾಗ ಸಾವು. ಪಳಗಿದವರು ದವಡೆಯ ಹಿಂದೆ, ತಲೆಯ ತುದಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಬಾಯಿ ತೆರೆದರೂ ಭಯವಿಲ್ಲ.

ಮೂರೂ ಒಟ್ಟಿಗೇ ಬಾಯಿ ತೆರೆಯುವುದೇಕೆ? ನಿಜ ಹೇಳಬೇಕೆಂದರೆ ಅವು ಮೂರಲ್ಲ, ಒಂದೇ! ಆ ಯಂತ್ರದಲ್ಲಿ ಒಂದು ಚಿಕ್ಕ ಚಿತ್ರವನ್ನು ಒಂದೇ ಸಾಲಿನಲ್ಲಿ ಮೂರು ಸಲ ಮೂಡಿಸುವ ಸೌಲಭ್ಯವಿತ್ತು. ಒಂದು ಬಾಯಿ ತೆರೆದರೆ ಮೂರೂ ತೆರೆದಂತೆ.

ಇಂಥ ಉಳಿತಾಯ ಅನಿವಾರ್ಯವಾಗಿತ್ತು. ಯಂತ್ರದ ನೆನಪಿನ ಶಕ್ತಿ 128 ಬೈಟ್. ಇಡೀ ಆಟ 4096 ಬೈಟ್‌ಗಳಲ್ಲಿ ಹಿಡಿಸಬೇಕು. ನೀವೀಗ ಓದುತ್ತಿರುವ ಈ ಲೇಖನವನ್ನೇ ಯೂನಿಕೋಡಿನಲ್ಲಿ ಉಳಿಸಿದರೆ ಅದಕ್ಕಿಂತ ಹೆಚ್ಚು ಜಾಗ ಬೇಕು. ಆದರೂ ಆಟದಲ್ಲಿ 255 ದೃಶ್ಯಗಳಿವೆ. ಹೇಗೆ ಅಂತೀರಾ? ಒಂದೊಂದು ದೃಶ್ಯವೂ ಎಂಟು ಬಿಟ್‌ಗಳ ಒಂದು ಸಂಖ್ಯೆ, ಅಷ್ಟೆ. ಬಿಟ್‌ಗಳನ್ನು ಒಂದು ಸ್ಥಾನ ಸರಿಸಿ, ಖಾಲಿಯಾದ ಜಾಗಕ್ಕೆ ಲೆಕ್ಕ ಹಾಕಿದ ಹೊಸ ಬಿಟ್ ಸೇರಿಸಿದರೆ ಮುಂದಿನ ದೃಶ್ಯ ಸಿದ್ಧ. ಎಂಟರಲ್ಲಿ ಮೂರು ಬಿಟ್‌ಗಳು ನೆಲದಲ್ಲಿ ಏನಿರಬೇಕೆಂದು ನಿರ್ಧರಿಸುತ್ತವೆ. ಮೂರು ಬಿಟ್ ಅಂದರೆ ಎಂಟು ಬಗೆ. ಅದರಲ್ಲಿ ಒಂದು ಮೊಸಳೆ ಕೊಳ. ಹಾಗಾಗಿ 255ರಲ್ಲಿ 32 ದೃಶ್ಯಗಳು ಮೊಸಳೆಯ ಪಾಲು. ಕೆಲವು ಕಡೆ ಮೇಲೆ ಬಳ್ಳಿ ತೂಗುತ್ತಿರುತ್ತದೆ, ಹಿಡಿದು ಜೋತಾಡಿ ದಾಟಬಹುದು. ಬಳ್ಳಿ ಇಲ್ಲದ ಕಡೆ ಮೊಸಳೆಯೇ ಗತಿ.

ಹಾಗಾದರೆ ಕಷ್ಟವೇನು? ಮೊಸಳೆ ಅಟ್ಟಿಸಿಕೊಂಡು ಬರುವುದಿಲ್ಲ, ಮೋಸ ಮಾಡುವುದಿಲ್ಲ, ತಾಳ ತಪ್ಪುವುದಿಲ್ಲ. ಕಷ್ಟವಿರುವುದು ಗಡಿಯಾರದಲ್ಲಿ. 20 ನಿಮಿಷವನ್ನು 255 ದೃಶ್ಯಗಳಿಗೆ ಹಂಚಿ ನೋಡಿ: ಒಂದಕ್ಕೆ ಐದು ಸೆಕೆಂಡೂ ಸಿಗುವುದಿಲ್ಲ. ನೆಲದಡಿಯ ಸುರಂಗದಲ್ಲಿ ಒಂದು ದೃಶ್ಯ ನಡೆದರೆ ಮೇಲಿನ ಮೂರು ದಾಟಿದಂತಾಗುತ್ತದೆ, ನಿಜ. ಆದರೆ ನಿಧಿಗಳಿರುವುದು ಮೇಲೆ. ಕೊಳದ ಮುಂದೆ ಕಾಯುತ್ತ ನಿಂತರೆ ಹೊತ್ತು ಹೋಗುತ್ತದೆ. ಕಾಯದೆ ಹಾರಿದರೆ ಜೀವ ಹೋಗುತ್ತದೆ.

ಹೊಸಬರು ಮೂರನೆಯ ಮೊಸಳೆಯ ಮೇಲೆ ಸೋಲುವುದೂ ಉಂಟು. ಎರಡು ದಾಟಿದೆವು, ಇನ್ನೇನು ದಡ ಬಂತು ಅನ್ನುವ ಅವಸರ! ಈ ಶತ್ರುವನ್ನು ಕೊಲ್ಲಲು ಆಟದಲ್ಲಿ ಆಯುಧವೇ ಇಲ್ಲ ಎಂಬುದನ್ನು ಗಮನಿಸಿ. ಅದರ ತಾಳ ಕಲಿತವನಿಗೆ ಅದು ಮೆಟ್ಟಿಲು, ಕಲಿಯದವನಿಗೆ ಬಾಯಿ. ಒಂದೇ ಚಿತ್ರದಿಂದ ಶತ್ರುವನ್ನೂ ಸೇತುವೆಯನ್ನೂ ಮಾಡಿದ್ದಾರಲ್ಲ, ಬಡತನದಲ್ಲಿ ಹುಟ್ಟಿದ ಜಾಣತನ ಅಂದರೆ ಅದೇ.