ಭಾಷೆಯ ಬೆಳವಣಿಗೆಯೂ ಗಣಕಯಂತ್ರವೂ

ಕುಣಿಗಲ್ ಸೀಮೆಯಲ್ಲಿ ಹಸುವನ್ನು ಕರೆದರೆ ಬರುವುದು ‘ಹಾಲು’. ನಮ್ಮ ಜಿಲ್ಲೆಯದೇ ಆದ ಪಾವಗಡದ ತೆಲುಗು ಮನೆಗಳಲ್ಲಿ ಅದು ‘ಪಾಲು’. ನಮ್ಮ ‘ಹುಲಿ’ ಅವರಿಗೆ ‘ಪುಲಿ’. ತಮಿಳರಿಗೂ ಅದು ಪುಲಿಯೇ. ಪಂಪನು ಬರೆದ 10ನೆಯ ಶತಮಾನದಲ್ಲಿ ಕನ್ನಡ ಕಾವ್ಯದ ಹುಲಿಯೂ ‘ಪುಲಿ’ಯಾಗಿಯೇ ಇದ್ದಿತು. ಪಕಾರವನ್ನು ಬಿಡಿರೆಂದು ಯಾವ ಅರಸನೂ ಅಪ್ಪಣೆ ಕೊಡಿಸಲಿಲ್ಲ, ಯಾವ ಪಂಡಿತಸಭೆಯೂ ನಿರ್ಣಯ ಮಾಡಲಿಲ್ಲ. ಹಾಗಿದ್ದೂ ಇಷ್ಟೊಂದು ಜನರ ನಾಲಗೆ ಒಂದೇ ಕಡೆಗೆ ಹೊರಳಿದುದು ಹೇಗೆ?

ಇದನ್ನು ಪ್ರಯೋಗ ಮಾಡಿ ನೋಡೋಣವೆಂದರೆ ನೂರಾರು ವರ್ಷ ಕಾಯಬೇಕು. ಅದಕ್ಕಾಗಿಯೇ ಕೆಲವು ವಿದ್ವಾಂಸರು ಗಣಕಯಂತ್ರದೊಳಗೆ ಒಂದು ಪುಟ್ಟ ಊರನ್ನು ಕಟ್ಟಿ, ಅಲ್ಲಿನ ಕಲ್ಪಿತ ಜನರಿಂದ ಮಾತಾಡಿಸುತ್ತಾರೆ. ಕಲಾವಿಭಾಗದ ನನ್ನ ಮಿತ್ರರು ಗಾಬರಿಪಡಬೇಕಾಗಿಲ್ಲ; ಇದರಲ್ಲಿ ಗಣಿತ ಕಡಮೆ, ಆಟ ಹೆಚ್ಚು.

ಬೆಲ್ಜಿಯಂ ದೇಶದ ಲೂಕ್ ಸ್ಟೀಲ್ಸ್ ಎಂಬವರು 1995ರಲ್ಲಿ ಇಂತಹ ಒಂದು ‘ಹೆಸರಿಡುವ ಆಟ’ವನ್ನು ಮುಂದಿಟ್ಟರು. ಅದರ ಸರಳವಾದ ರೂಪ ಹೀಗಿದೆ. ಒಂದು ವಸ್ತುವಿಗೆ ಒಬ್ಬೊಬ್ಬನು ಒಂದೊಂದು ಹೆಸರಿಟ್ಟುಕೊಂಡಿರುತ್ತಾನೆ. ಇಬ್ಬರು ಸಂಧಿಸಿದಾಗ ಒಬ್ಬನು ತನ್ನಲ್ಲಿರುವ ಒಂದು ಹೆಸರನ್ನು ಹೇಳಬೇಕು. ಕೇಳಿದವನಿಗೆ ಅದು ಗೊತ್ತಿದ್ದರೆ ಇಬ್ಬರೂ ಉಳಿದ ಹೆಸರುಗಳನ್ನೆಲ್ಲ ಮರೆತುಬಿಡಬೇಕು. ಗೊತ್ತಿಲ್ಲದಿದ್ದರೆ ಅವನು ಅದನ್ನೂ ನೆನಪಿಗೆ ಸೇರಿಸಿಕೊಳ್ಳಬೇಕು. ಇಷ್ಟೇ. ಮೊದಮೊದಲು ಹೆಸರುಗಳ ಸಂತೆಯೇ ನೆರೆಯುತ್ತದೆ. ಬಳಿಕ, ಸ್ವಲ್ಪ ಹೊತ್ತಿನಲ್ಲಿಯೇ, ಒಂದು ಹೆಸರು ಉಳಿದುವನ್ನೆಲ್ಲ ನುಂಗಿಬಿಡುತ್ತದೆ. ಯಜಮಾನನಿಲ್ಲದೆಯೇ ಒಮ್ಮತ! ಈಗ ಈ ಊರನ್ನು ತುಮಕೂರು, ಗುಬ್ಬಿ, ಕುಣಿಗಲ್ ಎಂದು ಮೂರಾಗಿ ಒಡೆಯಿರಿ. ಗುಬ್ಬಿಯವರು ಗುಬ್ಬಿಯವರೊಡನೆಯೇ ಹೆಚ್ಚಾಗಿ ಮಾತಾಡುತ್ತ, ತುಮಕೂರಿನ ಪೇಟೆಗೆ ಅಪರೂಪಕ್ಕೆ ಬಂದರೆ, ಬೇರೆ ಬೇರೆ ಹೆಸರುಗಳು ಬಹುಕಾಲ ಬಾಳುತ್ತವೆ. ಬಸ್ಸು ಓಡಾಡತೊಡಗಿದರೆ ಅವು ಅಳಿಯುತ್ತವೆ.

ನನಗೆ ಇದಕ್ಕಿಂತ ಹಿಡಿಸಿದುದು ಎಡಿನ್‌ಬರೋದ ಸೈಮನ್ ಕರ್ಬಿಯವರು 2001ರಲ್ಲಿ ಪ್ರಕಟಿಸಿದ ಪ್ರಯೋಗ. ಅಲ್ಲಿ ಯಂತ್ರದ ‘ಮಗು’ ಹಿರಿಯರ ಮಾತಿನಲ್ಲಿ ಒಂದಂಶವನ್ನು ಮಾತ್ರ ಕೇಳುತ್ತದೆ. ಉಳಿದುದನ್ನು ತಾನೇ ಊಹಿಸಬೇಕು. ಆ ಮಗುವೇ ಮುಂದಿನ ಪೀಳಿಗೆಗೆ ಗುರು. ಮೊದಲು ಮಾತೆಲ್ಲ ಗೊತ್ತುಗುರಿಯಿಲ್ಲದ ಸದ್ದು. ಪೀಳಿಗೆಗಳು ಉರುಳಿದಂತೆ, ಯಾರೂ ಬರೆಯದೆಯೇ ಅದರಲ್ಲಿ ವ್ಯಾಕರಣ ಮೂಡುತ್ತದೆ. ಅಪರೂಪದ ಮಾತು ನಿಯಮಕ್ಕೆ ಒಳಪಟ್ಟರೆ ಮಾತ್ರ ಉಳಿಯುತ್ತದೆ. ದಿನಬೆಳಗಾದರೆ ಕಿವಿಗೆ ಬೀಳುವ ಮಾತಿಗೆ ಆ ಹಂಗಿಲ್ಲ. ನಮ್ಮ ಕ್ರಿಯಾಪದಗಳನ್ನೇ ನೋಡಿ: ಬರು–ಬಂದ, ತರು–ತಂದ, ಹೋಗು–ಹೋದ; ಇವು ದಿನನಿತ್ಯದ ಮಾತುಗಳು, ಆದುದರಿಂದಲೇ ಇಷ್ಟು ಸ್ವತಂತ್ರವೋ ಏನೋ. ಮುದ್ರಿಸು, ಅನುವಾದಿಸು ಮೊದಲಾದುವು ತಲೆಬಾಗಿ ‘ಮುದ್ರಿಸಿದ’, ‘ಅನುವಾದಿಸಿದ’ ಎನ್ನುತ್ತವೆ.

ಇಷ್ಟರಿಂದ ಕನ್ನಡದ ಚರಿತ್ರೆ ತಿಳಿಯಿತೆಂದು ಹಿಗ್ಗುವುದು ಸಲ್ಲದು. ಯಂತ್ರದ ಊರಿಗೆ ಕಟ್ಟಳೆ ಮಾಡಿದವರು ನಾವೇ. ‘ಹೀಗೆ ನಡೆದಿರಬಹುದು’ ಎಂದು ಅದು ತೋರಿಸೀತೇ ಹೊರತು ‘ಹೀಗೆಯೇ ನಡೆಯಿತು’ ಎನ್ನಲಾರದು. ಪಕಾರವು ಹಕಾರವೇ ಏಕಾಯಿತೆಂಬುದಕ್ಕೂ ಹೆಸರಿನ ಆಟದಲ್ಲಿ ಉತ್ತರವಿಲ್ಲ. ಹರಡಿದ ಬಗೆಯನ್ನಷ್ಟೇ ಅದು ಹೇಳುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು 20 ದ್ರಾವಿಡ ಭಾಷೆಗಳ ಪದಗಳನ್ನು ಯಂತ್ರದಿಂದ ಹೋಲಿಸಿ, ಈ ಕುಟುಂಬದ ವಯಸ್ಸು ಸುಮಾರು 4500 ವರ್ಷವೆಂದು ಅಂದಾಜು ಮಾಡಿತು. ಅದು ವಂಶವೃಕ್ಷದ ಲೆಕ್ಕ. ಆಡುವ ಬಾಯಿಗಳ ಕಥೆಯಲ್ಲ.

ಒರೆಗಲ್ಲು ಬೇಕಾದರೆ ಶಾಸನಗಳಿಗೆ ಹೋಗಬೇಕು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟ, 1904ರದು, ನಮ್ಮ ಜಿಲ್ಲೆಯದೇ, ತಾಲ್ಲೂಕುವಾರು ಜೋಡಿಸಿದೆ. ಕಾಲ ಗೊತ್ತಿರುವ ಶಾಸನಗಳಲ್ಲಿ ಪಕಾರವೆಷ್ಟು, ಹಕಾರವೆಷ್ಟು ಎಂದು ಎಣಿಸಿ, ಯಂತ್ರದ ಏರಿಳಿತದೊಡನೆ ಹೋಲಿಸಿ ನೋಡಬಹುದು. ಎಣಿಸುವಾಗ ಒಂದು ಎಚ್ಚರಿಕೆ: ಶಾಸನಕವಿ ಮನೆಯಲ್ಲಿ ಹಾಲು ಕುಡಿದು, ಕಲ್ಲಿನ ಮೇಲೆ ‘ಪಾಲ್’ ಎಂದು ಬರೆಸಿರಬಹುದು.